ಕಾಲ್ಚೆಂಡಿನ ಪೇಟೆಯಲ್ಲಿ ಹಣವೂ ವಿವೇಕವೂ

1905ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಎರಡು ನೆರೆಯೂರುಗಳ ನಡುವೆ ನಡೆದ ಒಂದು ವ್ಯವಹಾರ ಆ ದೇಶದ ಕ್ರೀಡಾಸಕ್ತರನ್ನೆಲ್ಲ ಬೆರಗುಗೊಳಿಸಿತು. ಬೆರಗಿಗಿಂತ ಹೆಚ್ಚಾಗಿ ಕೆರಳಿಸಿತು. ಎರಡನೆಯ ದರ್ಜೆಗೆ ಜಾರುವ ಅಂಚಿನಲ್ಲಿದ್ದ ಮಿಡ್ಲ್ಸ್‌ಬರೋ ಕ್ಲಬ್ಬು, ಸಂಡರ್‌ಲ್ಯಾಂಡ್ ತಂಡದ ಮುಂಚೂಣಿ ಆಟಗಾರರಾದ ಆಲ್ಫ್ ಕಾಮನ್ ಅವರಿಗಾಗಿ ಸಾವಿರ ಪೌಂಡುಗಳನ್ನು ತೆತ್ತಿತು. ಒಬ್ಬ ಆಟಗಾರನಿಗೆ ನಾಲ್ಕಂಕಿಯ ಮೊತ್ತವೆಂಬುದು ಅದುವರೆಗೆ ಯಾರೂ ಕೇಳಿರದ ಮಾತು. ಅದರ ಹಿಂದಿನ ವರ್ಷವಷ್ಟೇ ಶೆಫೀಲ್ಡ್ ಯುನೈಟೆಡ್ ಕ್ಲಬ್ಬು ಇದೇ ಆಟಗಾರರನ್ನು ಸಂಡರ್‌ಲ್ಯಾಂಡಿಗೆ ಬಿಟ್ಟುಕೊಟ್ಟದ್ದು 520 ಪೌಂಡುಗಳಿಗೆ. ಒಂದು ವರ್ಷ ತುಂಬುವುದರೊಳಗೆ ಬೆಲೆ ಇಮ್ಮಡಿಯ ಹತ್ತಿರಕ್ಕೆ ಬಂದಿತ್ತು. ಹಣ ಸುರಿದು ಮೊದಲ ದರ್ಜೆಯಲ್ಲಿ ಉಳಿಯುವುದಕ್ಕಿಂತ ಮರ್ಯಾದೆಯಾಗಿ ಎರಡನೆಯ ದರ್ಜೆಗೆ ಇಳಿಯುವುದು ಲೇಸೆಂದು ಬರೆದವರೂ ಉಂಟು.

ಆದರೆ ಅದೇ ತಿಂಗಳು, ಕಾಮನ್ ಅವರು ಹೊಸ ತಂಡದ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದ ಪಂದ್ಯದಲ್ಲಿ, ತಮ್ಮ ಹಳೆಯ ತಂಡವಾದ ಶೆಫೀಲ್ಡ್ ಯುನೈಟೆಡ್ಡಿನ ಮೈದಾನದಲ್ಲೇ ಪೆನಾಲ್ಟಿ ಕಿಕ್ಕಿನಿಂದ ಗೋಲು ಹೊಡೆದರು. ಮಿಡ್ಲ್ಸ್‌ಬರೋ 1–0 ಅಂತರದಿಂದ ಗೆದ್ದಿತು. ಪರಸ್ಥಳದಲ್ಲಿ ಆ ತಂಡಕ್ಕೆ ಸುಮಾರು ಎರಡು ವರ್ಷಗಳ ಬಳಿಕ ದೊರೆತ ಮೊದಲ ಜಯ ಅದು. ಆ ವರ್ಷ ತಂಡ ಮೊದಲ ದರ್ಜೆಯಲ್ಲಿ ಉಳಿಯಿತು. 1924ರವರೆಗೂ ಅಲ್ಲಿಯೇ ಇದ್ದಿತು. 1908ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ವರ್ಗಾವಣೆಯ ಮೊತ್ತ 350 ಪೌಂಡುಗಳನ್ನು ಮೀರಕೂಡದೆಂದು ನಿಯಮ ಮಾಡಿ, ಅದು ನಡೆಯತಕ್ಕದ್ದಲ್ಲವೆಂದು ಕಂಡು ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು.

ಅಂದಿನಿಂದ ಇಂದಿನವರೆಗೆ ಮೊತ್ತ ಲಕ್ಷಾಂತರ ಪಾಲು ಬೆಳೆದಿದೆ. 2017ರಲ್ಲಿ ನೇಮಾರ್ ಅವರಿಗಾಗಿ ಪ್ಯಾರಿಸ್ ಸೇಂಟ್ ಜರ್ಮೈನ್ ಕ್ಲಬ್ಬು ಬಾರ್ಸಿಲೋನಾಕ್ಕೆ ತೆತ್ತದ್ದು 22.2 ಕೋಟಿ ಯೂರೊ. ಪ್ರಶ್ನೆ ಮಾತ್ರ ಅಲ್ಲಿಯೇ ನಿಂತಿದೆ: ಕೊಟ್ಟ ಹಣಕ್ಕೆ ಬಂದದ್ದೇನು? ಇದಕ್ಕೆ ಬಹುಜನರು ಕೊಡುವ ಉತ್ತರ, ಅಗ್ಗವಾಗಿ ಕೊಂಡವನು ಜಾಣ, ದುಬಾರಿಯಾಗಿ ಕೊಂಡವನು ಮೂಢ ಎಂಬುದು. ಕಾಲ್ಚೆಂಡಾಟದ ಚರಿತ್ರೆಯನ್ನು ಸಾವಧಾನವಾಗಿ ನೋಡಿದವರಿಗೆ ಈ ಉತ್ತರ ಸಾಲದೆಂಬುದು ತಿಳಿಯುತ್ತದೆ. ತನ್ನ ಕೊರತೆ ಯಾವುದೆಂದು ಬಲ್ಲ ಕ್ಲಬ್ಬಿಗೆ ದುಬಾರಿಯೂ ಲಾಭವಾಗುತ್ತದೆ. ಅದನ್ನು ಅರಿಯದ ಕ್ಲಬ್ಬಿಗೆ ಅಗ್ಗವೂ ನಷ್ಟವಾಗುತ್ತದೆ. ಮತ್ತು ಬಂದ ಆಟಗಾರನನ್ನು ಮನುಷ್ಯನೆಂದು ಬಗೆದು ನೆಲೆಗೊಳಿಸದಿದ್ದರೆ ಎಷ್ಟೇ ಚೆನ್ನಾಗಿ ಆರಿಸಿದ್ದರೂ ಫಲವಿಲ್ಲ. ಈ ಲೇಖನದ ಪ್ರತಿಪಾದನೆ ಇಷ್ಟೇ.

ಕೊಳ್ಳುವುದು ಏನನ್ನು?

ನಮ್ಮ ಓದುಗರಿಗೆ ಐಪಿಎಲ್ ಹರಾಜು ಚಿರಪರಿಚಿತ. ಅಲ್ಲಿ ಎಲ್ಲ ತಂಡಗಳಿಗೂ ಸಮಾನವಾದ ಹಣದ ಮಿತಿಯುಂಟು, ಕೂಗು ಬಹಿರಂಗವಾಗಿ ನಡೆಯುತ್ತದೆ, ಸುತ್ತಿಗೆ ಬಿದ್ದೊಡನೆ ವ್ಯವಹಾರ ಮುಗಿಯುತ್ತದೆ. ಮತ್ತು ಕೂಗಿದ ಮೊತ್ತ ಸಾಮಾನ್ಯವಾಗಿ ಆಟಗಾರನಿಗೇ ಸಲ್ಲುತ್ತದೆ. ಯುರೋಪಿನ ಕಾಲ್ಚೆಂಡಿನ ಪೇಟೆಯ ಕ್ರಮ ಬೇರೆ. ಅಲ್ಲಿ ವರ್ಗಾವಣೆಯ ಹಣ ಸಲ್ಲುವುದು ಆಟಗಾರನನ್ನು ಬಿಟ್ಟುಕೊಡುವ ಕ್ಲಬ್ಬಿಗೆ. ಅವನ ಸಂಬಳ ಪ್ರತ್ಯೇಕ, ದಲ್ಲಾಳಿಯ ಪಾಲು ಪ್ರತ್ಯೇಕ. ವಾಸ್ತವದಲ್ಲಿ ಕೈಬದಲಾಗುವುದು ಆಟಗಾರನ ನೋಂದಣಿಯ ಹಕ್ಕು. ಕರಾರಿನ ಅವಧಿ ಮುಗಿದ ಮೇಲೂ ಕ್ಲಬ್ಬಿನ ಅನುಮತಿಯಿಲ್ಲದೆ ಆಟಗಾರನು ಬೇರೆಡೆಗೆ ಹೋಗಲಾಗದೆಂಬ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದಿದ್ದಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರರು ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ವೃತ್ತಿಸ್ವಾತಂತ್ರ್ಯಕ್ಕೆ ಅನ್ಯಾಯವಾದ ತಡೆಯೆಂದು ಹೇಳಿತು. 1995ರ ಡಿಸೆಂಬರಿನಲ್ಲಿ, ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬಾಸ್ಮನ್ ಅವರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ, ಕರಾರು ಮುಗಿದ ಆಟಗಾರನು ಯಾವ ಶುಲ್ಕವೂ ಇಲ್ಲದೆ ಐರೋಪ್ಯ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವ ಸ್ವಾತಂತ್ರ್ಯ ಪಡೆದನು.

ಈ ತೀರ್ಪು ಪೇಟೆಯ ಸ್ವರೂಪವನ್ನೇ ಮಾರ್ಪಡಿಸಿತು. ಕರಾರಿನಲ್ಲಿ ನಾಲ್ಕು ವರ್ಷ ಉಳಿದಿರುವ ಆಟಗಾರನಿಗೂ ಒಂದೇ ವರ್ಷ ಉಳಿದಿರುವ ಆಟಗಾರನಿಗೂ, ಇಬ್ಬರ ಆಟ ಸರಿಸಮವಾಗಿದ್ದರೂ, ಬೆಲೆಯಲ್ಲಿ ಅಜಗಜಾಂತರ ಉಂಟಾಯಿತು. 2011ರಲ್ಲಿ ಮಿಲಾನ್ ಕ್ಲಬ್ಬು, ವಯಸ್ಸಾಯಿತೆಂದು ಭಾವಿಸಿ, ಆಂದ್ರೆಯಾ ಪಿರ್ಲೊ ಅವರನ್ನು ಕರಾರು ಮುಗಿದೊಡನೆ ಹೋಗಗೊಟ್ಟಿತು. ಯುವೆಂಟಸ್ ಬಿಡಿಗಾಸಿನ ಶುಲ್ಕವೂ ಇಲ್ಲದೆ ಅವರನ್ನು ಬರಮಾಡಿಕೊಂಡು, ಅವರಿದ್ದ ನಾಲ್ಕು ವರ್ಷವೂ ಇಟಲಿಯ ಲೀಗ್ ಗೆದ್ದಿತು.

ಇನ್ನು ಲೆಕ್ಕಪತ್ರದ ಒಳಗುಟ್ಟೊಂದುಂಟು. ಹತ್ತು ಕೋಟಿ ಪೌಂಡಿಗೆ ಕೊಂಡ ಆಟಗಾರನಿಗೆ ಐದು ವರ್ಷದ ಕರಾರಿದ್ದರೆ, ಕ್ಲಬ್ಬಿನ ಲೆಕ್ಕದಲ್ಲಿ ವರ್ಷಕ್ಕೆ ಎರಡು ಕೋಟಿಯಂತೆ ಸವಕಳಿಯಾಗಿ ಆ ವೆಚ್ಚ ಹಂಚಿಹೋಗುತ್ತದೆ. ಅವಧಿಯನ್ನು ಎಳೆದಷ್ಟೂ ವರ್ಷದ ಹೊರೆ ಹಗುರವಾಗಿ ಕಾಣುತ್ತದೆ. ಈ ಸೂತ್ರವನ್ನೇ ಹಿಡಿದು ಚೆಲ್ಸಿ ಕ್ಲಬ್ಬು 2023ರ ಜನವರಿಯಲ್ಲಿ ಮಿಖೈಲೊ ಮುದ್ರಿಕ್ ಅವರಿಗೆ ಎಂಟೂವರೆ ವರ್ಷಗಳ ಕರಾರು ಬರೆದುಕೊಟ್ಟಿತು; ಅದೇ ವರ್ಷ ಯುರೋಪಿನ ಆಡಳಿತ ಸಂಸ್ಥೆಯೂ ಇಂಗ್ಲೆಂಡಿನ ಪ್ರೀಮಿಯರ್ ಲೀಗೂ, ಸವಕಳಿಯನ್ನು ಐದು ವರ್ಷಗಳಿಗಿಂತ ಹೆಚ್ಚು ಕಾಲಕ್ಕೆ ಹಂಚಕೂಡದೆಂದು ಕಟ್ಟುಮಾಡಿದವು. ದೀರ್ಘ ಕರಾರಿನಿಂದ ಕಾಗದದ ಮೇಲೆ ಹೊರೆ ಇಳಿಯಬಹುದು. ಆದರೆ ಆಟ ಹದಗೆಟ್ಟ ಆಟಗಾರನಿಗೂ ಆ ಎಂಟು ವರ್ಷ ಸಂಬಳ ಕೊಡಬೇಕೆಂಬ ಋಣ ಅದರಿಂದ ಇಳಿಯುವುದಿಲ್ಲ.

ಆನ್‌ಫೀಲ್ಡಿನ ಒಂದು ರಾತ್ರಿ

ನೇಮಾರ್ ಅವರ 22.2 ಕೋಟಿ ಯೂರೊ ಕೈಸೇರಿದ 2017ರ ಆಗಸ್ಟಿನಲ್ಲಿ ಬಾರ್ಸಿಲೋನಾದ ಸ್ಥಿತಿ, ಜಾತ್ರೆಯಲ್ಲಿ ತನ್ನ ಒಳ್ಳೆಯ ಎತ್ತನ್ನು ಮಾರಿ, ಹಣದ ಗಂಟನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಸೊಂಟಕ್ಕೆ ಕಟ್ಟಿಕೊಂಡು, ಸಂಜೆಯೊಳಗೆ ಬೇರೊಂದನ್ನು ಕೊಳ್ಳಲೇಬೇಕೆಂದು ಓಡಾಡುವ ರೈತನ ಸ್ಥಿತಿಯಾಗಿತ್ತು. ಅವಸರವೂ ಹಣವೂ ಕೊಳ್ಳುವವನಲ್ಲಿ ಕೂಡಿರುವಾಗ ಮಾರುವವನು ಬೆಲೆಯನ್ನು ಇಳಿಸಲಾರ. ಡಾರ್ಟ್‌ಮಂಡ್ ಕ್ಲಬ್ಬು ಇಪ್ಪತ್ತು ವರ್ಷದ ಉಸ್ಮಾನ್ ಡೆಂಬೆಲೆ ಅವರಿಗೆ 10.5 ಕೋಟಿ ಯೂರೊ ಪಡೆಯಿತು, ಮುಂದೆ ಷರತ್ತುಗಳ ಮೇಲೆ ಇನ್ನಷ್ಟು ಸಲ್ಲತಕ್ಕದ್ದು. 2018ರ ಜನವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬು, ಐದು ವರ್ಷಗಳ ಹಿಂದೆ 85 ಲಕ್ಷ ಪೌಂಡಿಗೆ ಕೊಂಡಿದ್ದ ಫಿಲಿಪ್ ಕುಟಿನ್ಹೊ ಅವರನ್ನು 12 ಕೋಟಿ ಯೂರೊ ಹಾಗೂ ಅದರ ಮೇಲೆ ಷರತ್ತಿನ ಮೊತ್ತಕ್ಕೆ ಬಿಟ್ಟುಕೊಟ್ಟಿತು.

ಈಗ ಹಣ ಲಿವರ್‌ಪೂಲಿನ ಕೈಯಲ್ಲಿತ್ತು. ತನ್ನ ಅತ್ಯಂತ ಚತುರ ದಾಳಿಗಾರರಲ್ಲೊಬ್ಬರನ್ನು ಕಳೆದುಕೊಂಡ ಕ್ಲಬ್ಬು ಅಂಥವರನ್ನೇ ಇನ್ನೊಬ್ಬರನ್ನು ಅರಸುವುದು ಲೋಕರೂಢಿ. ಲಿವರ್‌ಪೂಲ್ ಹಾಗೆ ಮಾಡಲಿಲ್ಲ. ತನಗೆ ಗೋಲು ಹೊಡೆಯುವವರ ಕೊರತೆಯಿಲ್ಲ, ಗೋಲು ತಡೆಯುವವರ ಕೊರತೆಯಿದೆಯೆಂಬುದು ಅದಕ್ಕೆ ಸ್ಪಷ್ಟವಾಗಿ ತಿಳಿದಿತ್ತು. ಆದುದರಿಂದ ರಕ್ಷಣೆಯ ನಡುವಿಗೆ ಸೌತಾಂಪ್ಟನ್ನಿನಿಂದ ವರ್ಜಿಲ್ ವಾನ್ ಡೈಕ್ ಅವರನ್ನು ಕೆಲವೇ ದಿನ ಮೊದಲು 7.5 ಕೋಟಿ ಪೌಂಡಿಗೆ ಕರೆತಂದಿತ್ತು. ರಕ್ಷಣಾ ಆಟಗಾರನೊಬ್ಬನಿಗೆ ಅಂದು ಜಗತ್ತಿನಲ್ಲೇ ಅತ್ಯಧಿಕ ಬೆಲೆ ಅದು. ಆ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗಿನ ಫೈನಲ್ ಪಂದ್ಯ ಗೋಲ್‌ಕೀಪರಿನ ಪ್ರಮಾದಗಳಿಂದ ಕೈತಪ್ಪಿದಾಗ, ರೋಮಾ ಕ್ಲಬ್ಬಿನ ಅಲಿಸನ್ ಬೆಕರ್ ಅವರಿಗಾಗಿ ಸುಮಾರು 6.5 ಕೋಟಿ ಪೌಂಡ್ ಕೊಡಲೊಪ್ಪಿತು. ಇಷ್ಟು ಹಣವನ್ನು ಯಾರೂ ಮಿತವ್ಯಯವೆನ್ನಲಾರರು. ಆದರೆ ಹಿಂದಿನ ವರ್ಷ ಲೀಗಿನ 38 ಪಂದ್ಯಗಳಲ್ಲಿ 38 ಗೋಲುಗಳನ್ನು ಬಿಟ್ಟುಕೊಟ್ಟಿದ್ದ ತಂಡ ಮುಂದಿನ ವರ್ಷ ಬಿಟ್ಟುಕೊಟ್ಟದ್ದು 22 ಮಾತ್ರ.

2019ರ ಮೇ 7ರ ರಾತ್ರಿ ಈ ಎರಡು ಕ್ಲಬ್ಬುಗಳೂ ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ ಸಂಧಿಸಿದವು. ಚಾಂಪಿಯನ್ಸ್ ಲೀಗಿನ ಸೆಮಿಫೈನಲಿನ ಮೊದಲ ಸುತ್ತಿನಲ್ಲಿ 3–0 ಅಂತರದಿಂದ ಗೆದ್ದಿದ್ದ ಬಾರ್ಸಿಲೋನಾಕ್ಕೆ ಅಪಾಯವಿದೆಯೆಂದು ಎಣಿಸಿದವರು ವಿರಳ. ಲಿವರ್‌ಪೂಲಿನ ಪ್ರಮುಖ ದಾಳಿಗಾರರಾದ ಸಲಾ ಮತ್ತು ಫರ್ಮಿನೊ ಇಬ್ಬರೂ ಗಾಯಗೊಂಡು ಹೊರಗಿದ್ದರು. ಆ ರಾತ್ರಿ ಗೋಲು ಹೊಡೆದವರನ್ನೂ ಹೊಡೆಯಿಸಿದವರನ್ನೂ ಒಮ್ಮೆ ನೋಡಬೇಕು. ಎರಡು ಗೋಲು ಹೊಡೆದ ವೈನಾಲ್ಡಮ್, 2016ರಲ್ಲಿ ಕೆಳದರ್ಜೆಗೆ ಇಳಿದ ನ್ಯೂಕ್ಯಾಸಲ್ ತಂಡದಿಂದ ಬಂದವರು. ಅವುಗಳಲ್ಲಿ ಎರಡನೆಯದಕ್ಕೆ ಚೆಂಡನ್ನು ತೇಲಿಸಿಕೊಟ್ಟ ಶಾಕಿರಿ, 2018ರಲ್ಲಿ ಕೆಳದರ್ಜೆಗೆ ಇಳಿದ ಸ್ಟೋಕ್ ತಂಡದಿಂದ ಬಂದವರು. ಅರ್ಧವಿರಾಮದವರೆಗೆ ಆಡಿ ಗಾಯದಿಂದ ಹಿಂದೆ ಸರಿದ ರಾಬರ್ಟ್‌ಸನ್, 2017ರಲ್ಲಿ ಕೆಳದರ್ಜೆಗೆ ಇಳಿದ ಹಲ್ ತಂಡದಿಂದ 80 ಲಕ್ಷ ಪೌಂಡಿಗೆ ಬಂದವರು. ಸೋತ ತಂಡದ ಆಟಗಾರರನ್ನೆಲ್ಲ ಸೋತವರೆಂದೇ ಪೇಟೆ ಎಣಿಸುವಾಗ, ತಂಡದ ಸೋಲಿನಿಂದ ವ್ಯಕ್ತಿಯ ಸಾಮರ್ಥ್ಯವನ್ನು ಬೇರ್ಪಡಿಸಿ ನೋಡಬಲ್ಲವರಿಗೆ ಎಂಥ ಲಾಭ ಕಾದಿರುತ್ತದೆ ಎಂಬುದಕ್ಕೆ ಈ ಮೂವರು ಸಾಕ್ಷಿ.

79ನೆಯ ನಿಮಿಷ. ಒಟ್ಟು ಲೆಕ್ಕ ಸಮಸಮವಾಗಿತ್ತು. ಲಿವರ್‌ಪೂಲಿಗೆ ಒಂದು ಕಾರ್ನರ್ ಕಿಕ್ ದೊರೆಯಿತು. ಗೆರೆಯ ಬದಿಯಲ್ಲಿ ಚೆಂಡು ಎತ್ತಿಕೊಡುವ ಹುಡುಗ ಕ್ಷಣವೂ ತಡಮಾಡದೆ ಚೆಂಡನ್ನು ಒದಗಿಸಿದ. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಅದನ್ನು ಮೂಲೆಯಲ್ಲಿಟ್ಟು, ಬೇರೆಯವರಿಗೆ ಬಿಡುವವರಂತೆ ಎರಡು ಹೆಜ್ಜೆ ಆಚೆಗಿಟ್ಟರು. ಬಾರ್ಸಿಲೋನಾದ ರಕ್ಷಕರು ತಮ್ಮ ತಮ್ಮ ಸ್ಥಾನ ಹುಡುಕುತ್ತ ಮುಖ ತಿರುಗಿಸಿದ್ದರು. ಅಷ್ಟರಲ್ಲಿ ಹಠಾತ್ತನೆ ಹಿಂದಿರುಗಿ ಆ ಯುವಕ ಚೆಂಡನ್ನು ನೆಲಮಟ್ಟದಲ್ಲಿ ಒಳಕ್ಕೆ ಹೊಡೆದರು. ಡಿವಾಕ್ ಒರಿಗಿ ಅದನ್ನು ಬಲೆಗೆ ಸೇರಿಸಿದರು. 4–0. ಆ ಕಾರ್ನರ್ ತೆಗೆದುಕೊಂಡ ಆಟಗಾರ ಅದೇ ಊರಿನವರು, ಆರನೆಯ ವಯಸ್ಸಿನಿಂದ ಕ್ಲಬ್ಬಿನ ಶಾಲೆಯಲ್ಲೇ ಬೆಳೆದವರು; ಅವರಿಗಾಗಿ ಕ್ಲಬ್ಬು ಯಾರಿಗೂ ಶುಲ್ಕ ಕೊಟ್ಟಿರಲಿಲ್ಲ. ಅತ್ತ ಕುಟಿನ್ಹೊ ಅವರನ್ನು ಒಂದು ಗಂಟೆಯ ಆಟದ ಹೊತ್ತಿಗೆ ಹಿಂದಕ್ಕೆ ಕರೆಸಲಾಗಿತ್ತು. ಡೆಂಬೆಲೆ ಗಾಯದ ಕಾರಣ ತಂಡದಲ್ಲೇ ಇರಲಿಲ್ಲ. ಲಿವರ್‌ಪೂಲ್ ಆ ವರ್ಷ ಯುರೋಪಿನ ಕಿರೀಟವನ್ನೂ ಮರುವರ್ಷ ಮೂವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಲೀಗನ್ನೂ ಗೆದ್ದಿತು.

ಇಬ್ಬರು ಪಾರಖಿಗಳು

ಸಂಖ್ಯಾಶಾಸ್ತ್ರ ಆಟದ ಅಂಗಳಕ್ಕೆ ಬರುವ ಮುನ್ನವೂ ಇಂಥ ವಿವೇಕ ಇದ್ದಿತೆಂಬುದಕ್ಕೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನ ಕಥೆ ಶ್ರೇಷ್ಠ ನಿದರ್ಶನ. ಬ್ರಯನ್ ಕ್ಲಫ್ ಮತ್ತು ಅವರ ಸಹಾಯಕ ಪೀಟರ್ ಟೇಲರ್ 1977ರಲ್ಲಿ ಆ ಸಾಧಾರಣ ತಂಡವನ್ನು ಮೊದಲ ದರ್ಜೆಗೆ ಏರಿಸಿದರು. 1978ರಲ್ಲಿ ಲೀಗ್ ಗೆದ್ದರು. 1979ರಲ್ಲಿಯೂ 1980ರಲ್ಲಿಯೂ ಯುರೋಪಿಯನ್ ಕಪ್ ಗೆದ್ದರು. ಆಟಗಾರರನ್ನು ಹುಡುಕುವ ಕಣ್ಣು ಮುಖ್ಯವಾಗಿ ಟೇಲರ್ ಅವರದು. ಬರ್ಮಿಂಗ್‌ಹ್ಯಾಮಿನಲ್ಲಿ ಒರಟನೆಂದು ಹೆಸರಾಗಿ ಮುಂಚೂಣಿಯಲ್ಲಿ ಆಡುತ್ತಿದ್ದ ಕೆನ್ನಿ ಬರ್ನ್ಸ್ ಅವರನ್ನು ಒಂದೂವರೆ ಲಕ್ಷ ಪೌಂಡಿಗೆ ತಂದು ರಕ್ಷಣೆಯ ನಡುವೆ ನಿಲ್ಲಿಸಿದರು. ಲೀಗ್ ಗೆದ್ದ ವರ್ಷವೇ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರರೆಂದು ಗೌರವಿಸಿದರು. ಗೋಲ್‌ಕೀಪರಿಗೆ ದೊಡ್ಡ ಮೊತ್ತ ಕೊಡುವ ವಾಡಿಕೆಯಿಲ್ಲದ ಆ ಕಾಲದಲ್ಲಿ ಪೀಟರ್ ಶಿಲ್ಟನ್ ಅವರಿಗೆ 2,70,000 ಪೌಂಡ್ ಕೊಟ್ಟರು. ಆ ವರ್ಷ 42 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 24 ಗೋಲು. 1979ರ ಫೆಬ್ರುವರಿಯಲ್ಲಿ ಟ್ರೆವರ್ ಫ್ರಾನ್ಸಿಸ್ ಅವರಿಗಾಗಿ ಬ್ರಿಟನ್ನಿನಲ್ಲೇ ಮೊದಲ ಬಾರಿಗೆ ಹತ್ತು ಲಕ್ಷ ಪೌಂಡುಗಳ ಗಡಿ ಮುಟ್ಟಿದರು. ಮೂರು ತಿಂಗಳ ಬಳಿಕ ಮ್ಯೂನಿಕ್ಕಿನಲ್ಲಿ ಮಾಲ್ಮೊ ತಂಡದೆದುರು ಯುರೋಪಿಯನ್ ಕಪ್ಪಿನ ಫೈನಲಿನ ಏಕೈಕ ಗೋಲನ್ನು ಹೊಡೆದವರು ಅವರೇ.

ಆ ತಂಡದಲ್ಲೇ ಗ್ಯಾರಿ ಬರ್ಟಲ್ಸ್ ಎಂಬವರಿದ್ದರು. ನೆಲಹಾಸು ಹಾಸುವ ಕಸುಬು ಮಾಡಿಕೊಂಡು, ಲಾಂಗ್ ಈಟನ್ ಎಂಬ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದ ಅವರಿಗೆ ಫಾರೆಸ್ಟ್ ಕೊಟ್ಟದ್ದು ಎರಡು ಸಾವಿರ ಪೌಂಡು. 1978ರ ಸೆಪ್ಟೆಂಬರಿನಲ್ಲಿ, ಯುರೋಪಿನ ಚಾಂಪಿಯನ್ ಆಗಿದ್ದ ಲಿವರ್‌ಪೂಲನ್ನು ಹೊರದೂಡಿದ ಪಂದ್ಯದ ಮೊದಲ ಗೋಲು ಅವರದು. ಎರಡು ವರ್ಷ ಕಳೆದು ಮ್ಯಾಂಚೆಸ್ಟರ್ ಯುನೈಟೆಡ್ ಹನ್ನೆರಡೂವರೆ ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆದೊಯ್ದಿತು. ಅಲ್ಲಿಯ ಮೊದಲ ಋತುವಿನಲ್ಲಿ ಲೀಗಿನಲ್ಲಿ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ. 1982ರಲ್ಲಿ ಫಾರೆಸ್ಟ್ ಅದರ ಕಾಲುಭಾಗಕ್ಕೂ ಕಡಿಮೆ ಬೆಲೆಗೆ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಮನುಷ್ಯ ಒಬ್ಬನೇ, ಕಾಲುಗಳೂ ಅವೇ. ಆದರೆ ಪಕ್ಕದಲ್ಲಿ ಆಡುವವರು ಬೇರೆ, ಆಡಿಸುವವರು ಬೇರೆ, ನಿರೀಕ್ಷೆಯ ಭಾರ ಬೇರೆ.

ಇದಕ್ಕಿಂತ ವ್ಯಥೆಯ ಪ್ರಕರಣ ಜಸ್ಟಿನ್ ಫಶಾನು ಅವರದು. 1981ರಲ್ಲಿ ಫಾರೆಸ್ಟ್ ಅವರನ್ನು ನಾರಿಚ್ ಕ್ಲಬ್ಬಿನಿಂದ ಹತ್ತು ಲಕ್ಷ ಪೌಂಡಿಗೆ ತಂದಿತು. ಇಪ್ಪತ್ತು ವರ್ಷದ ಆ ಯುವಕ ಸಲಿಂಗಾನುರಾಗಿಯೆಂಬ ಸುದ್ದಿ ಕಿವಿಗೆ ಬಿದ್ದಾಗ ಕ್ಲಫ್ ಅವರು ನಡೆದುಕೊಂಡ ರೀತಿ ಅನುದಾರವಾಗಿತ್ತು; ತಂಡದ ಅಭ್ಯಾಸದಿಂದಲೇ ಅವರನ್ನು ದೂರವಿಟ್ಟರು. 32 ಲೀಗ್ ಪಂದ್ಯಗಳಲ್ಲಿ ಮೂರೇ ಗೋಲು ಹೊಡೆದ ಫಶಾನು ಅವರನ್ನು ಮರುವರ್ಷ ಒಂದೂವರೆ ಲಕ್ಷ ಪೌಂಡಿಗೆ ಸಾಗಹಾಕಲಾಯಿತು. ಬರ್ನ್ಸ್ ಅವರ ಒರಟುತನದ ಒಳಗೆ ರಕ್ಷಕನೊಬ್ಬನನ್ನು ಕಂಡ ಅದೇ ಕ್ಲಬ್ಬು, ಆಸರೆ ಬೇಕಾಗಿದ್ದ ಒಬ್ಬ ಹುಡುಗನನ್ನು ಕಾಣಲೊಲ್ಲದೆ ಹೋಯಿತು. ಇಲ್ಲಿ ಕಳೆದುಹೋದದ್ದು ಎಂಟೂವರೆ ಲಕ್ಷ ಪೌಂಡುಗಳಷ್ಟೇ ಎಂದು ಲೆಕ್ಕ ಹಾಕುವವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದವರು.

ಅಂಕಿಯ ಕಣ್ಣು

ಸೈಮನ್ ಕೂಪರ್ ಮತ್ತು ಸ್ಟೆಫನ್ ಶಿಮಾನ್ಸ್ಕಿ ಎಂಬ ಲೇಖಕರು 1978ರಿಂದ 1997ರವರೆಗೆ ಇಂಗ್ಲೆಂಡಿನ 40 ಕ್ಲಬ್ಬುಗಳ ಆಯವ್ಯಯವನ್ನು ಪರೀಕ್ಷಿಸಿ ಕಂಡುಕೊಂಡ ಸಂಗತಿ ಇಲ್ಲಿ ವಿಚಾರಾರ್ಹ. ಲೀಗಿನಲ್ಲಿ ಕ್ಲಬ್ಬುಗಳ ಸ್ಥಾನದಲ್ಲಿ ಕಾಣುವ ವ್ಯತ್ಯಾಸದ ಶೇ 92ರಷ್ಟನ್ನು ಅವು ಕೊಡುವ ಸಂಬಳ ವಿವರಿಸಿದರೆ, ವರ್ಗಾವಣೆಗೆ ಸುರಿದ ಹಣ ವಿವರಿಸಿದ್ದು ಶೇ 16ರಷ್ಟನ್ನು ಮಾತ್ರ. ಅಂದರೆ ಆಟಗಾರನ ನಿಜವಾದ ಯೋಗ್ಯತೆಯನ್ನು ಅವನ ಸಂಬಳ ಬಹುಮಟ್ಟಿಗೆ ಸರಿಯಾಗಿ ಹೇಳುತ್ತದೆ. ವರ್ಗಾವಣೆಯ ಮೊತ್ತವಾದರೋ ಅವಸರ, ಕೀರ್ತಿ, ಕರಾರಿನ ಅವಧಿ, ಅಭಿಮಾನಿಗಳ ಒತ್ತಡ ಇವುಗಳೆಲ್ಲದರ ಮಿಶ್ರಣ. ವಿಶ್ವಕಪ್ಪಿನಲ್ಲಿ ಒಂದು ತಿಂಗಳು ಮಿಂಚಿದವನಿಗೆ ಬೆಲೆ ಏರುವುದೂ, ಗೆದ್ದ ತಂಡದ ಪ್ರತಿಯೊಬ್ಬನೂ ದುಬಾರಿಯಾಗುವುದೂ ಈ ಕಾರಣದಿಂದ.

ಇದನ್ನು ಅರಿತು ನಡೆದ ಕ್ಲಬ್ಬುಗಳು ಈಚಿನ ವರ್ಷಗಳಲ್ಲಿ ತಮಗಿಂತ ಸಿರಿವಂತರನ್ನು ಮೀರಿಸಿವೆ. ಲೆಸ್ಟರ್ ಕ್ಲಬ್ಬು ಫ್ರಾನ್ಸಿನ ಕಾನ್ ಕ್ಲಬ್ಬಿನಿಂದ 56 ಲಕ್ಷ ಪೌಂಡಿಗೆ ತಂದ ಎನ್'ಗೊಲೊ ಕಾಂಟೆ, ಲೀಗಿನಾಚೆಯ ಫ್ಲೀಟ್‌ವುಡ್ ತಂಡದಿಂದ ತಂದ ಜೇಮಿ ವಾರ್ಡಿ ಮೊದಲಾದವರ ಬಲದಿಂದ 2016ರಲ್ಲಿ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಪಣದ ಸಂಖ್ಯಾಶಾಸ್ತ್ರದಿಂದ ಸಂಪತ್ತು ಗಳಿಸಿದ ಮ್ಯಾಥ್ಯೂ ಬೆನ್‌ಹ್ಯಾಮ್ ಅವರ ಒಡೆತನದಲ್ಲಿ ಬ್ರೆಂಟ್‌ಫರ್ಡ್ ಕ್ಲಬ್ಬು 2021ರಲ್ಲಿ, 74 ವರ್ಷಗಳ ಬಳಿಕ, ಉನ್ನತ ದರ್ಜೆಗೆ ಮರಳಿತು. ಬ್ರೈಟನ್ ಕ್ಲಬ್ಬು 2021ರಲ್ಲಿ ಈಕ್ವೆಡಾರಿನ ಇಂಡಿಪೆಂಡಿಯೆಂಟೆ ಡೆಲ್ ವಾಯೆ ಕ್ಲಬ್ಬಿನಿಂದ ಐವತ್ತು ಲಕ್ಷ ಪೌಂಡಿನೊಳಗೆ ತಂದ ಮೊಯಿಸೆಸ್ ಕೈಸೆಡೊ ಅವರನ್ನು ಎರಡೂವರೆ ವರ್ಷದ ಬಳಿಕ ಹತ್ತು ಕೋಟಿ ಪೌಂಡಿಗೂ ಮಿಗಿಲಾದ ಮೊತ್ತಕ್ಕೆ ಚೆಲ್ಸಿಗೆ ಕಳುಹಿಸಿತು.

ಅಂಕಿಅಂಶಗಳ ಉಪಕಾರ ಇಷ್ಟು: ಮನುಷ್ಯನ ಕಣ್ಣು ಅಭ್ಯಾಸಬಲದಿಂದ ಕಡೆಗಣಿಸುವ ಮೂಲೆಗಳನ್ನು ಅವು ತೋರಿಸುತ್ತವೆ. ಲಿವರ್‌ಪೂಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಇಯನ್ ಗ್ರಹಾಂ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಚೆಲ್ಸಿಯಲ್ಲಿ ಕೈಲಾಗದವನೆಂದು ಇಂಗ್ಲೆಂಡ್ ಮರೆತಿದ್ದ ಮೊಹಮ್ಮದ್ ಸಲಾ ಅವರು ನಿಜವಾಗಿ ವಿಫಲರಾದವರಲ್ಲ, ಅವಕಾಶ ವಂಚಿತರಾದವರು ಎಂಬುದನ್ನು ಆ ವಿಭಾಗದ ಲೆಕ್ಕಗಳು ಕಂಡುಕೊಂಡವು. 2017ರಲ್ಲಿ ರೋಮಾದಿಂದ ಬಂದ ಸಲಾ ಮೊದಲ ಋತುವಿನಲ್ಲೇ ಲೀಗಿನಲ್ಲಿ 32 ಗೋಲು ಹೊಡೆದರು. ಆದರೆ ಫ್ರಾನ್ಸಿನಲ್ಲಿ 2002ರಿಂದ 2008ರವರೆಗೆ ಸತತವಾಗಿ ಏಳು ಬಾರಿ ಲೀಗ್ ಗೆದ್ದ ಲಿಯೋನ್ ಕ್ಲಬ್ಬು ಕಲಿಸಿದ ಪಾಠ ಬೇರೆ. ಬ್ರೆಜಿಲ್ಲಿನಿಂದ ಬಂದ ಯುವಕನಿಗೆ ಮನೆ ಹುಡುಕಿಕೊಡುವುದು, ಭಾಷೆ ಕಲಿಸುವುದು, ಸಂಸಾರಕ್ಕೆ ಊರಿನ ಪರಿಚಯ ಮಾಡಿಕೊಡುವುದು, ಇವೆಲ್ಲ ಆ ಕ್ಲಬ್ಬಿನಲ್ಲಿ ತರಬೇತಿಯಷ್ಟೇ ಮುಖ್ಯವಾದ ಕೆಲಸಗಳಾಗಿದ್ದವು. ಕೋಟಿಗಟ್ಟಲೆ ಕೊಟ್ಟು ಕರೆತಂದವನನ್ನು ಅಪರಿಚಿತ ನಗರದ ಹೋಟೆಲಿನ ಕೋಣೆಯಲ್ಲಿ ಒಂಟಿಯಾಗಿ ಬಿಡುವ ಕ್ಲಬ್ಬು ತನ್ನ ಹಣವನ್ನು ತಾನೇ ಕಳೆದುಕೊಳ್ಳುತ್ತದೆ.

ನಮ್ಮ ಬೆಂಗಳೂರಿನ ಉದಾಹರಣೆಯನ್ನೂ ಇಲ್ಲಿ ಸ್ಮರಿಸಬೇಕು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ, ಪೋರ್ಚುಗಲಿನಲ್ಲಿ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡದಲ್ಲಿದ್ದು ಭಾರತಕ್ಕೆ ಮರಳಿದ್ದ ಸುನಿಲ್ ಚೆಟ್ರಿ ಅವರನ್ನು ನಡುವಿಟ್ಟುಕೊಂಡು ತಂಡ ಕಟ್ಟಿ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡುತ್ತ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕ್ಲಬ್ಬು ಅವರಿಗೆ ಒಂದು ಮನೆಯನ್ನು ಕೊಟ್ಟಿತು, ಅವರು ಕ್ಲಬ್ಬಿಗೆ ಒಂದು ವ್ಯಕ್ತಿತ್ವವನ್ನು ಕೊಟ್ಟರು. ಇಂಥ ವಿನಿಮಯವನ್ನು ಯಾವ ಲೆಕ್ಕಪುಸ್ತಕವೂ ಪೂರ್ಣವಾಗಿ ಬರೆದಿಡಲಾರದು.

ಕೊಂಡವರ ಧರ್ಮ

ಇಂಗ್ಲೆಂಡಿನಲ್ಲಿ ಮೂರು ವರ್ಷಗಳ ನಷ್ಟಕ್ಕೆ ಹಾಕಿದ್ದ ಮಿತಿಯನ್ನು ಮೀರಿದ್ದಕ್ಕಾಗಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬುಗಳು 2023–24ರಲ್ಲಿ ಅಂಕಗಳನ್ನು ಕಳೆದುಕೊಂಡವು. ಮಿತಿ ಹಾಕುವುದು ಒಳ್ಳೆಯದೇ. ಆದರೆ ಇದರ ಒಂದು ಪರಿಣಾಮ ಕಳವಳಕಾರಿಯಾಗಿದೆ: ಸ್ವಂತ ಶಾಲೆಯಲ್ಲಿ ಬೆಳೆದ ಹುಡುಗನಿಗೆ ಕೊಂಡ ಬೆಲೆಯೆಂಬುದೇ ಇಲ್ಲವಾದ್ದರಿಂದ, ಅವನನ್ನು ಮಾರಿದರೆ ಬಂದದ್ದೆಲ್ಲ ಲೆಕ್ಕದಲ್ಲಿ ಶುದ್ಧ ಲಾಭ. ಆದಕಾರಣ, ಊರಿನ ಜನ ಬಾಲ್ಯದಿಂದ ಬಲ್ಲ, ಆ ಕ್ಲಬ್ಬಿನ ಬಣ್ಣವನ್ನು ತನ್ನದೆಂದು ಬೆಳೆದ ಆಟಗಾರನೇ ಲೆಕ್ಕ ಸರಿದೂಗಿಸುವ ನೆಪದಲ್ಲಿ ಮೊದಲು ಮಾರಾಟಕ್ಕೆ ಬರುತ್ತಾನೆ. ಈ ಲೆಕ್ಕದ ಕ್ರಮ ತಿದ್ದುಪಡಿಗೆ ಅರ್ಹ. ಹಾಗೆಯೇ, ದೇಶ ದಾಟುವ ವರ್ಗಾವಣೆಯ ಮೊತ್ತದ ಶೇ 5ರಷ್ಟು, ಆಟಗಾರನನ್ನು 12ರಿಂದ 23ನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಸಲ್ಲಬೇಕೆಂಬ ಫಿಫಾ ಕಟ್ಟಳೆ ಇನ್ನೂ ಉದಾರವಾಗಬೇಕು; ಕೋಟಿಗಳ ವ್ಯವಹಾರಕ್ಕೆ ಬೀಜ ಹಾಕಿದವರು ಬಡ ಊರುಗಳ ಕೆಸರು ಮೈದಾನಗಳಲ್ಲಿ ಹುಡುಗರನ್ನು ಆಡಿಸಿದ ಗುರುಗಳಲ್ಲವೇ?

ಪ್ರತಿ ಬೇಸಗೆಯಲ್ಲೂ ಹೊಸ ಹೆಸರುಗಳು, ಹೊಸ ಮೊತ್ತಗಳು ಪತ್ರಿಕೆಗಳನ್ನು ತುಂಬುತ್ತವೆ. ಮೊತ್ತವನ್ನು ಕಂಡು ಹಿಗ್ಗುವುದಾಗಲಿ ಹಳಿಯುವುದಾಗಲಿ ಸುಲಭ. ಅಭಿಮಾನಿಯು ತನ್ನ ಕ್ಲಬ್ಬನ್ನು ಕೇಳತಕ್ಕ ಪ್ರಶ್ನೆಗಳು ಬೇರೆ: ನಮ್ಮ ತಂಡದ ಯಾವ ಕೊರತೆಯನ್ನು ಈತನು ತುಂಬುತ್ತಾನೆ, ಈತನ ಬಲವನ್ನು ಹೊರಗೆಡಹುವ ಜೊತೆಗಾರರು ನಮ್ಮಲ್ಲಿರುವರೇ, ಈತನು ಬಂದಿಳಿದ ಮೇಲೆ ಈತನ ಯೋಗಕ್ಷೇಮಕ್ಕೆ ಹೊಣೆ ಯಾರು? ಮೊದಲ ಎರಡಕ್ಕೆ ಉತ್ತರ ಕೊಡಲು ಕಣ್ಣೂ ಲೆಕ್ಕವೂ ಬೇಕು, ಮೂರನೆಯದಕ್ಕೆ ಅಂತಃಕರಣ ಬೇಕು. ಮೂರಕ್ಕೂ ಉತ್ತರವಿಟ್ಟುಕೊಂಡು ಕೊಂಡ ಕ್ಲಬ್ಬು ಎಷ್ಟು ಕೊಟ್ಟರೂ ಅದನ್ನು ದುಂದುಗಾರನೆಂದು ಕರೆಯಲಾಗದು. ಉತ್ತರವಿಲ್ಲದೆ ಕೊಂಡ ಕ್ಲಬ್ಬು ಎಷ್ಟು ಉಳಿಸಿದರೂ ಅದನ್ನು ಜಾಣನೆನ್ನಲಾಗದು.